ಫ್ಲಾಸ್ಕಿನಲ್ಲಿದ್ದದ್ದು ಮಜ್ಜಿಗೆ

ನಮ್ಮ ಆಸ್ಪತ್ರೆಯ ಎಳೆ ಡಾಕ್ಟರುಗಳು ಬೆನ್ನ ಹಿಂದೆ ನನ್ನನ್ನು 'ಒಂದ್ನಿಮಿಷ' ಎಂದು ಕರೆಯುತ್ತಿದ್ದರು. 'ಒಂದ್ನಿಮಿಷ ಬತ್ತಾ ಐತೆ ಕಣ್ರೋ' ಎಂದು ಅವರಲ್ಲೊಬ್ಬ ಲಿಫ್ಟಿನ ಹತ್ತಿರ ಪಿಸುಗುಟ್ಟಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಬೇಜಾರೇನೂ ಆಗಲಿಲ್ಲ. ನಾಡಿಯನ್ನು ಹದಿನೈದು ಸೆಕೆಂಡು ಹಿಡಿದು ನಾಲ್ಕರಿಂದ ಗುಣಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುರ್ಚಿ ಎಳೆದುಕೊಂಡು ಕೂರಬೇಕು, ಪೂರ್ತಿ ಒಂದು ನಿಮಿಷ ಹಿಡಿಯಬೇಕು. ಆ ಒಂದು ನಿಮಿಷದಲ್ಲಿ ರೋಗಿಯ ಅಂಗೈ ಬೆವರಿದೆಯೋ ಒಣಗಿದೆಯೋ, ಉಸಿರು ಹೇಗೆ ಓಡುತ್ತಿದೆ, ಉಗುರಿನ ಬಣ್ಣವೇನು, ಎಲ್ಲ ಗೊತ್ತಾಗುತ್ತದೆ. ಇಷ್ಟನ್ನು ಹೇಳಿಕೊಡಲು ನಾನು ಗಂಟಲು ಹರಿದುಕೊಂಡ ವರ್ಷಗಳನ್ನು ಲೆಕ್ಕ ಇಟ್ಟಿಲ್ಲ.

ಬೆಂಗಳೂರಿನ ಮೆಡಿಕಲ್ ಕಾಲೇಜಿನ ಕೆಲಸ ಮುಗಿದ ಮೇಲೆ ನಾನು ತಿಪಟೂರಿಗೆ ವಾಪಸು ಬಂದೆ. ಇಲ್ಲಿ ಹೊಸದಾಗಿ ಕಟ್ಟಿದ ಆಸ್ಪತ್ರೆಯೊಂದಕ್ಕೆ ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ ಹುಡುಗಿಯರು ಮುಂದಿನ ತರಬೇತಿಗೆ ಬರುತ್ತಾರೆ. ಅವರನ್ನು ರೋಗಿಯ ಮಂಚದ ಹತ್ತಿರ ನಿಲ್ಲಿಸಿ ನೋಡುವುದನ್ನು, ಮುಟ್ಟುವುದನ್ನು, ಕೇಳುವುದನ್ನು ಕಲಿಸುವುದು ನನ್ನ ಕೆಲಸ. ಕಟ್ಟಡ ಚೆನ್ನಾಗಿದೆ. ಸ್ಕ್ಯಾನ್ ಇದೆ, ಲ್ಯಾಬ್ ಇದೆ, ಎಲ್ಲರ ಕೈಯಲ್ಲೂ ಒಂದೊಂದು ಟ್ಯಾಬ್ ಇದೆ. ಬೆಳಗಿನ ರೌಂಡ್ಸಿನಲ್ಲಿ ಐದು ಜನ ಮಂಚದ ಸುತ್ತ ನಿಂತು ಟ್ಯಾಬಿನೊಳಗೆ ತಲೆ ಹಾಕಿರುತ್ತಿದ್ದರು. ಮಲಗಿದ್ದ ರೋಗಿ ಪಾಪ, ಐದು ನೆತ್ತಿಗಳನ್ನು ನೋಡಿಕೊಂಡು ಇರಬೇಕು.

'ಅಲ್ರಪ್ಪಾ, ನೀವು ಡಾಕ್ಟ್ರೋ ಪೋಸ್ಟ್‌ಮ್ಯಾನೋ? ಲ್ಯಾಬಿನೋರು ಬರೆದಿದ್ದನ್ನ ತಂದು ನನಗೆ ಓದಿ ಹೇಳೋಕೆ ನೀವ್ಯಾಕೆ ಬೇಕು?' ಎನ್ನುತ್ತಿದ್ದೆ.

ರೋಗಿಯನ್ನು ಮುಟ್ಟುವುದಕ್ಕೆ ಮೊದಲು ಮಂಚದ ಸುತ್ತ ಒಂದು ಸುತ್ತು ಬನ್ನಿ ಎನ್ನುವುದು ನನ್ನ ಇನ್ನೊಂದು ಪಾಠ. ಸಕ್ಕರೆ ಇಳಿಯುತ್ತಲೇ ಇಲ್ಲ ಎಂದು ಇನ್ಸುಲಿನ್ ಏರಿಸುತ್ತಾ ಹೋಗಿದ್ದ ಒಬ್ಬರ ದಿಂಬಿನ ಕೆಳಗೆ ಕಿಬ್ಬನಹಳ್ಳಿ ಕ್ರಾಸಿನ ಬೇಕರಿಯ ಪೊಟ್ಟಣ ಸಿಕ್ಕಿತ್ತು. ಕೇಸ್ ಶೀಟಿನಲ್ಲಿ 'ಸಂಬಂಧಿಕರು ಹೇಳಿದಂತೆ' ಎಂದು ಬರೆದವರಿಗಂತೂ ಮಂಗಳಾರತಿ ಕಾದಿರುತ್ತಿತ್ತು. ಯಾರು ಸಂಬಂಧಿಕರು? ಹೆಂಡತಿಯೋ, ಸೊಸೆಯೋ, ಮೂರು ವರ್ಷದಿಂದ ಮುಖ ನೋಡದ ಷಡ್ಡಕನೋ? ಒಂದು ಸಲ ನೊಣವಿನಕೆರೆ ಕಡೆಯ ಒಬ್ಬ ಅಜ್ಜಿ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಸಂಬಂಧಿಕರು ಹೇಳಿದರು ಎಂದು ಒಬ್ಬ ಬರೆದಿದ್ದ. ವಿಚಾರಿಸಿದರೆ ಆ ಸಂಬಂಧಿಕ ಬಸ್ಸಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದವನು, ಪುಣ್ಯಾತ್ಮ, ಕೈ ಹಿಡಿದು ಒಳಗೆ ತಂದು ಬಿಟ್ಟುಹೋಗಿದ್ದ. ಅಜ್ಜಿ ಅವತ್ತು ಬೆಳಗ್ಗೆ ಎರಡು ರೊಟ್ಟಿ ತಿಂದಿದ್ದಳು. ಅಂದಿನಿಂದ ಕೇಸ್ ಓದುವಾಗ 'ಸಂಬಂಧಿಕರು' ಎಂಬ ಮಾತು ಬಂದರೆ ಸಾಕು, ನಾನು 'ಯಾರು?' ಎನ್ನುತ್ತಿದ್ದೆ. ನಾನು ಕೇಳುವ ಮೊದಲೇ ಅವರವರೇ 'ಯಾರು?' ಎಂದು ಅಣಕಿಸಿ ನಗುವುದೂ ಇತ್ತು.

ಆ ಗುಂಪಿನಲ್ಲಿ ರಾಯಚೂರು ಕಡೆಯ ಒಬ್ಬಳಿದ್ದಳು. ಮಾತು ಕಡಿಮೆ. ನಾನು ಬೈದರೆ ಮಿಕ್ಕವರು ನೆಲ ನೋಡುತ್ತಿದ್ದರು, ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಧೈರ್ಯವೋ ಪೆದ್ದುತನವೋ ನನಗೆ ಬಹಳ ದಿನ ತಿಳಿಯಲಿಲ್ಲ. ಕೈಗಡಿಯಾರವನ್ನು ಒಳಮುಖಕ್ಕೆ ಕಟ್ಟಿಕೊಂಡಿರುತ್ತಿದ್ದಳು, ನಾಡಿ ಹಿಡಿದಾಗ ಮುಳ್ಳು ಕಾಣಲೆಂದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಮ್ಮಣ್ಣನನ್ನು ಸೇರಿಸಿದ್ದು ಅವಳ ವಾರ್ಡಿಗೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ತುರುವೇಕೆರೆ ದಾರಿಯಲ್ಲಿ ನಮ್ಮ ತೋಟ, ಅದನ್ನು ನೋಡಿಕೊಂಡಿರುವವನು ಅವನೇ. ಯಾರದೋ ಗೃಹಪ್ರವೇಶದಲ್ಲಿ ಉಂಡು ಬಂದವನಿಗೆ ವಾಂತಿ ಭೇದಿ ಹತ್ತಿಕೊಂಡು, ಎರಡು ದಿನ ಮನೆಯಲ್ಲೇ ಕಷಾಯ ಕುಡಿದು, ಕಡೆಗೆ ನಾಲಿಗೆ ಒಣಗಿ ಹೋಗಿ ಬಂದ. ಮೈಯ ನೀರು ಕಮ್ಮಿಯಾಗಿ ಮೂತ್ರಪಿಂಡ ಸ್ವಲ್ಪ ಸೊರಗಿತ್ತು. ಡ್ರಿಪ್ ಹಾಕಿದರೆ ಸರಿಹೋಗುವಂಥದ್ದೇ. ನಾನು ಆ ಹುಡುಗಿಗೆ, 'ನೋಡಮ್ಮ, ಈ ಮಂಚಕ್ಕೆ ನಾನು ಡಾಕ್ಟರಲ್ಲ, ತಂಗಿ. ನಿನ್ನ ಪೇಷಂಟು, ನೀನೇ ನೋಡಿಕೋ' ಎಂದೆ. ಸ್ವಂತದವರಿಗೆ ಔಷಧಿ ಕೊಡಬಾರದು ಎನ್ನುವುದೂ ನನ್ನ ಪಾಠಗಳಲ್ಲಿ ಒಂದು. ಬಹಳ ಸರಿಯಾಗಿ ನಡೆದುಕೊಂಡೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ತಂಗಿ ಎಂದ ಮೇಲೆ ಬರಿಗೈಲಿ ಹೋಗುವುದು ಹೇಗೆ?

ಹೊರಗಿನವರು ತಿಪಟೂರು ಎಂದರೆ ಬೀದಿಬೀದಿಯಲ್ಲಿ ಎಳನೀರು ಕುಡಿಯುತ್ತಾರೆ ಅಂದುಕೊಳ್ಳುತ್ತಾರೆ. ಇಲ್ಲಿಯದು ಕೊಬ್ಬರಿ ಸೀಮೆ. ಕಾಯಿ ಮರದಲ್ಲೇ ಬಲಿಯಬೇಕು, ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲಿದ್ದು ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಬೇಕು. ಎಳೆಗಾಯಿ ಕೆಡವಿದರೆ ಒಂದು ಕೊಬ್ಬರಿ ಹೋಯಿತು ಎಂದೇ ಲೆಕ್ಕ. ಆದ್ದರಿಂದ ನಮ್ಮ ಮನೆಗಳಲ್ಲಿ ಎಳನೀರಿಗೆ ಮರ ಹತ್ತಿಸುವುದು ಬೀಗರು ಬಂದಾಗ, ಇಲ್ಲವೇ ಯಾರಾದರೂ ಕಾಯಿಲೆ ಬಿದ್ದಾಗ. ಕಾಯಿಲೆಯವರನ್ನು ನೋಡಲು ಹೋಗುವವರು ಅವರವರ ತೋಟದ್ದೇ ತರಬೇಕು, ಅಂಗಡಿಯದು ತಂದರೆ ಮರ್ಯಾದೆಯಿಲ್ಲ. ತಂದದ್ದನ್ನು ರೋಗಿ ಬೇಡ ಎನ್ನುವ ಹಾಗೂ ಇಲ್ಲ, ಎದುರಿಗೇ ಕುಡಿಯಬೇಕು. ಬುರುಡೆಗಳು ಗುಡ್ಡೆಯಾಗುತ್ತವೆಂದು ಆಸ್ಪತ್ರೆಯ ಗೇಟಿನಲ್ಲಿ ಎಳನೀರು ತರಬಾರದು ಎಂದು ಬೋರ್ಡು ಹಾಕಿದ್ದರು. ಅದಕ್ಕೆ ಜನ ಮನೆಯಲ್ಲೇ ಕೆತ್ತಿ ನೀರಿನ ಬಾಟಲಿಗೋ ಸ್ಟೀಲ್ ಡಬ್ಬಿಗೋ ಬಗ್ಗಿಸಿಕೊಂಡು ಬರುತ್ತಿದ್ದರು. ಆ ಬೋರ್ಡು ಹಾಕಿಸಿದ ಸಭೆಯಲ್ಲಿ ನಾನೂ ಕೂತಿದ್ದೆ. ನಾನು ತಂದದ್ದು ಫ್ಲಾಸ್ಕಿನಲ್ಲಿ.

ದಿನಾ ನಾನು ಮಜ್ಜಿಗೆ ತರುವ ನೀಲಿ ಫ್ಲಾಸ್ಕು ಅದು. ಮುಚ್ಚಳ ನೆಗ್ಗಿದೆ. ಆಸ್ಪತ್ರೆಯಲ್ಲಿ ಅದನ್ನು ಕಾಣದವರಿಲ್ಲ.

'ಕೊಬ್ರಿ ಆಗೋ ಕಾಯ್ನ ಕಿತ್ತಾಕ್ಬುಟ್ಟಿದ್ದೀಯಲ್ಲಮ್ಮ, ಯಾವ್ ಮರದ್ದು?' ಎಂದ ಅಣ್ಣ.

'ಬಾವಿ ಪಕ್ಕದ್ದು. ಸುಮ್ನೆ ಕುಡಿ.'

'ಅದ್ರದ್ದಾ! ಒಳ್ಳೆ ಕಾಯಿ ಕಣಮ್ಮ ಅದು. ಅನ್ಯಾಯ' ಎಂದು ಗೊಣಗಿಕೊಂಡೇ ಎರಡು ಲೋಟ ಕುಡಿದ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ದಿನವೂ ಫ್ಲಾಸ್ಕು ತುಂಬಿ ತಂದೆ. ನಾನೊಬ್ಬಳೇ ಅಲ್ಲ, ಅವನ ಅಳಿಯಂದಿರು ಬಂದರು, ಪಕ್ಕದ ತೋಟದವರು ಬಂದರು, ಸಂಪಿಗೆ ಊರಿನಿಂದ ಅತ್ತಿಗೆಯ ತವರಿನವರು ಬಂದರು. ಬಂದವರೆಲ್ಲ ಬಾಟಲಿ ಹಿಡಿದೇ ಬಂದರು ಎಂಬುದು ನನಗೆ ಆಮೇಲೆ ತಿಳಿಯಿತು. ಮೂತ್ರಪಿಂಡ ಸೊರಗಿದವರಿಗೆ ಎಳನೀರು ವಿಷ, ಅದರಲ್ಲಿರುವ ಪೊಟ್ಯಾಸಿಯಮ್ ರಕ್ತದಲ್ಲಿ ಏರಿ ಕೂತರೆ ಎದೆಯ ಬಡಿತವೇ ನಿಲ್ಲಬಹುದು. ಇದನ್ನು ನಾನು ಪ್ರತಿವರ್ಷ ಪಾಠ ಮಾಡಿದ್ದೇನೆ, ಎಷ್ಟೋ ಮನೆಯವರಿಗೆ ಕೈ ಮುಗಿದು ಬೇಡಿಕೊಂಡಿದ್ದೇನೆ. ಆದರೆ ಅಣ್ಣನಿಗೆ ತಂದದ್ದು ಪಾಠದೊಳಗಿನ ಎಳನೀರು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದು ನಮ್ಮ ಬಾವಿ ಪಕ್ಕದ ಮರದ್ದು.

ಮೂರನೆಯ ದಿನದ ರೌಂಡ್ಸು. ಅಣ್ಣನ ವಾಂತಿ ಭೇದಿ ನಿಂತಿತ್ತು. 'ಎಂಗಿದ್ದೀಯಣ್ಣ?' ಎಂದೆ. 'ಸುಸ್ತು ಕಣಮ್ಮ, ಕಾಲಲ್ಲಿ ಶಕ್ತಿನೇ ಇಲ್ಲ' ಎಂದ. ಭೇದಿಯಾದವನಿಗೆ ಸುಸ್ತಲ್ಲದೆ ಇನ್ನೇನು ಎಂದು ನಾನು ನಕ್ಕೆ. ಹುಡುಗಿ ಬೆಳಗಿನ ರಕ್ತಪರೀಕ್ಷೆ ಓದಿದಳು. ಪೊಟ್ಯಾಸಿಯಮ್ ಬಹಳ ಹೆಚ್ಚು ಬಂದಿತ್ತು. ಅದರ ಕೆಳಗೆ ಲ್ಯಾಬಿನವರ ಟಿಪ್ಪಣಿ ಇತ್ತು: ರಕ್ತ ಎಳೆಯುವಾಗ ಕಣಗಳು ಒಡೆದಿರಬಹುದು, ಇನ್ನೊಮ್ಮೆ ಕಳಿಸಿ.

ನನಗೆ ಅಷ್ಟು ಸಾಕಾಯಿತು, ಪಾಠ ಶುರು ಮಾಡಿಬಿಟ್ಟೆ. ರಕ್ತಕಣ ಒಡೆದರೆ ಅದರೊಳಗಿನ ಪೊಟ್ಯಾಸಿಯಮ್ ಹೊರಬಂದು ರಿಪೋರ್ಟು ಸುಳ್ಳು ಹೇಳುತ್ತದೆ, ನಿಜ. ಅದನ್ನು ಹತ್ತು ನಿಮಿಷ ಹೇಳಿದೆ. 'ನೋಡಿ, ಇದಕ್ಕೇ ನಾನು ಬಡಕೊಳ್ಳೋದು. ಮಶೀನು ಹೆದರಿಸುತ್ತೆ. ಕಾಗದ ನೋಡಬೇಡಿ, ಮನುಷ್ಯನ್ನ ನೋಡಿ. ಇವನು ಹೇಗೆ ಮಾತಾಡ್ತಾ ಇದ್ದಾನೆ ನೋಡಿ!' ಎಂದು ಅಣ್ಣನ ಕಡೆ ಕೈ ತೋರಿಸಿದೆ. ಅಣ್ಣ ಎಲ್ಲರಿಗೂ ನಮಸ್ಕಾರ ಮಾಡಿದ. ಎಲ್ಲರೂ ನಕ್ಕರು.

ಹುಡುಗಿ ನಗಲಿಲ್ಲ. 'ಮೇಡಂ, ಬೆಳಗ್ಗಿ ಬೆರಳಿನ ಕ್ಲಿಪ್ಪಿನಾಗ ನಾಡಿ ಐವತ್ತೆಂಟು ಬಂದದ್ರಿ' ಎಂದಳು.

'ತೋಟದಲ್ಲಿ ದುಡಿದ ಮೈ ಕಣೇ, ಇರುತ್ತೆ' ಎಂದು ಮುಂದಿನ ಮಂಚಕ್ಕೆ ನಡೆದೆ.

ಮೂರು ದಿನದಲ್ಲಿ ನಾನು ಅಣ್ಣನ ಹಣೆ ಸವರಿದ್ದೆ, ಹೊದಿಕೆ ಸರಿಮಾಡಿದ್ದೆ, ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟಿದ್ದೆ. ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟಿರಲಿಲ್ಲ. ಅವತ್ತೂ ಇಡಲಿಲ್ಲ.

ರೌಂಡ್ಸು ಮುಗಿಸಿ ನಾನು ಕೆಳಗಿನ ಕೋಣೆಯಲ್ಲಿ ಹೊರರೋಗಿಗಳನ್ನು ನೋಡುತ್ತಿದ್ದೆ. ಒಬ್ಬರ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದಾಗ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. 'ಮೇಡಂ, ನಿಮ್ಮಣ್ಣಂಗೆ ಇಂಜೆಕ್ಷನ್ ಕೊಡ್ತಾವ್ರೆ, ಒಸಿ ಬೇಗ ಬನ್ನಿ' ಎಂದರು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.

ನಡೆದದ್ದು ಇಷ್ಟು. ನಾವೆಲ್ಲ ಹೊರಟ ಮೇಲೆ ಅವಳು ಅಣ್ಣನ ಹತ್ತಿರ ಒಬ್ಬಳೇ ವಾಪಸು ಹೋಗಿ, ಕುರ್ಚಿ ಎಳೆದುಕೊಂಡು ಕೂತು, ಪೂರ್ತಿ ಒಂದು ನಿಮಿಷ ನಾಡಿ ಹಿಡಿದಿದ್ದಳು. ನಲವತ್ತೆರಡು. 'ಕಾಲೆತ್ರಿ ಅಜ್ಜಾ' ಎಂದರೆ ಅಣ್ಣನಿಗೆ ಹಾಸಿಗೆಯಿಂದ ಒಂದು ಗೇಣೂ ಎತ್ತಲಾಗಲಿಲ್ಲ. ಕೂಡಲೇ ಇ.ಸಿ.ಜಿ. ತೆಗೆಸಿದ್ದಳು. ಆ ಪಟ್ಟಿಯನ್ನು ಸಿಸ್ಟರ್ ನನ್ನ ಕೈಗೆ ಕೊಟ್ಟರು. ಗೆರೆ ಚೂಪುಚೂಪಾಗಿ ಎದ್ದು ನಿಂತಿತ್ತು, ಪೊಟ್ಯಾಸಿಯಮ್ ಏರಿದವರದು ಹಾಗೇ ಇರುತ್ತದೆ. ಲ್ಯಾಬಿನ ಕಾಗದ ಸುಳ್ಳು ಹೇಳಿರಲಿಲ್ಲ. ನಲವತ್ತು ವರ್ಷ ಇಂಥ ಪಟ್ಟಿಗಳನ್ನು ಕೈಯಲ್ಲಿ ಹಿಡಿದವಳು ನಾನು, ಅವತ್ತು ನನಗೆ ಕೈಕಾಲು ಆಡಲಿಲ್ಲ.

ಅವಳು ಎದೆಯ ಬಡಿತ ಕಾಯುವ ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನಿಧಾನವಾಗಿ ತಳ್ಳುತ್ತಿದ್ದಳು, ಕಣ್ಣು ಗಡಿಯಾರದ ಮೇಲೆ. ನಾನು ಮಂಚಕ್ಕೆ ಅಡ್ಡವಾಗಿ ನಿಂತಿದ್ದೆ ಎಂದು ಕಾಣುತ್ತದೆ.

'ಮೇಡಂ, ಸ್ವಲ್ಪ ಆ ಕಡಿ ಸರೀರಿ' ಎಂದಳು.

ಸರಿದು ನಿಂತೆ. ಅಣ್ಣ ಹೋಗಿಬಿಡುತ್ತಾನೆ ಎಂದು ಅನಿಸಿತು. ಅಲ್ಲಿ ಮಾಡಬೇಕಾದ ಒಂದು ಕೆಲಸವೂ ನನ್ನ ಪಾಲಿಗೆ ಉಳಿದಿರಲಿಲ್ಲ, ಎಲ್ಲವನ್ನೂ ಅವಳೇ ಮಾಡುತ್ತಿದ್ದಳು. ಕ್ಯಾಲ್ಸಿಯಂ ಆದ ಮೇಲೆ ಪೊಟ್ಯಾಸಿಯಮ್ ಇಳಿಯಲೆಂದು ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟಳು, ಮಾನಿಟರ್ ತರಿಸಿದಳು, ರಕ್ತವನ್ನು ಇನ್ನೊಮ್ಮೆ ತಾನೇ ಎಳೆದು ಕಳಿಸಿದಳು. ಮಾನಿಟರಿನಲ್ಲಿ ಬಡಿತ ಐವತ್ತಾಯಿತು, ಅರವತ್ತಾಯಿತು. ಗೆರೆಯ ಚೂಪು ಕಮ್ಮಿಯಾಗುತ್ತಾ ಬಂತು. ಅಣ್ಣನಿಗೆ ತನ್ನ ಮೇಲೆ ಏನು ಬಂದು ಹೋಯಿತೆಂದು ಗೊತ್ತೇ ಇರಲಿಲ್ಲ. 'ಏನಮ್ಮ, ಇಷ್ಟೊಂದ್ ವೈರು!' ಎಂದ.

ಅವಳು ಆಗ ಕುರ್ಚಿಯಲ್ಲಿ ಕೂತಳು. 'ಅಜ್ಜಾ, ಮೂರು ದಿನದಾಗ ಏನೇನ್ ಕುಡದ್ರಿ, ಹೇಳ್ರಿ.'

'ನೀರು.'

'ಮತ್ತೇನ್ರಿ?'

'ಗಂಜಿ. ಆಸ್ಪತ್ರೆದೇಯ.'

'ಮಾತ್ರಿ ಏನರ ತಗೊಂಡ್ರಿ?'

ಅಣ್ಣ ಅಂಗಿಯ ಜೇಬಿನಿಂದ ಬಿ.ಪಿ. ಮಾತ್ರೆಯ ಪಟ್ಟಿ ತೆಗೆದು ಹೆಮ್ಮೆಯಿಂದ ತೋರಿಸಿದ. ಬರುವಾಗಲೇ ಅದನ್ನು ನಿಲ್ಲಿಸಿ ಎಂದು ಅವಳು ಹೇಳಿದ್ದಳು. 'ಒಂದಿನಾನೂ ತೆಪ್ಪಿಸ್ಬ್ಯಾಡ ಅಂತ ನನ್ ತಂಗಿ ಹೇಳವ್ಳೆ. ನಾನು ತೆಪ್ಪಿಸಿಲ್ಲ' ಎಂದ. ಪೊಟ್ಯಾಸಿಯಮ್ಮನ್ನು ಮೈಯಲ್ಲೇ ಹಿಡಿದಿಡುವ ಮಾತ್ರೆ ಅದು. ನಾನೇ ಬರೆದುಕೊಟ್ಟದ್ದು.

ಅವಳು ಎದ್ದು ಮಂಚದ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಕೆಳಗೆ ನೋಡಿದಳು. ಪಕ್ಕದ ಮೇಜಿನ ಮೇಲಿದ್ದ ಲೋಟವನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ತೆಳ್ಳಗೆ ಒಂದು ಚೂರು ಎಳೆಗಾಯಿಯ ತಿರುಳು ಅಂಟಿತ್ತು. ಲೋಟದ ಪಕ್ಕ ನೀಲಿ ಫ್ಲಾಸ್ಕು. ಅವಳು ಫ್ಲಾಸ್ಕನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

'ಅಜ್ಜಾ, ಇದರಾಗ ಏನಿತ್ರಿ?'

ಅಣ್ಣ ನನ್ನ ಮುಖ ನೋಡಿದ. ಸಿಸ್ಟರ್ ಇದ್ದರು, ಬಾಗಿಲಲ್ಲಿ ಮಿಕ್ಕ ನಾಲ್ಕೂ ಜನ ಬಂದು ನಿಂತಿದ್ದರು. ಅವನಿಗೆ ರೋಗ ಅರ್ಥವಾಗಿರಲಿಲ್ಲ, ಆದರೆ ತಂಗಿ ಎಲ್ಲೋ ಎಡವಿದ್ದಾಳೆ ಎನ್ನುವುದು ನನ್ನ ಮುಖದಲ್ಲೇ ಗೊತ್ತಾಯಿತು.

'ಮಜ್ಜಿಗೆ' ಎಂದ.

ಒಂದು ತೆಂಗಿನಗರಿಯ ವಿಷಯಕ್ಕೂ ಸುಳ್ಳು ಹೇಳದವನು. ನಾನು ಬಾಯಿ ಬಿಡಬೇಕಾಗಿತ್ತು. 'ಅಲ್ಲಮ್ಮ, ಎಳನೀರು, ನಾನೇ ತಂದದ್ದು' ಎಂದರೆ ಮುಗಿಯುತ್ತಿತ್ತು. ನಾಲಿಗೆ ಹೊರಳಲಿಲ್ಲ. ಬಾಗಿಲಲ್ಲಿ ನಿಂತವರು ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ಕೆಳಗೆ ಹೋಗಿಬಿಟ್ಟೆ. ನಾಚಿಕೆಗೇಡು, ಬೇರೆ ಮಾತಿಲ್ಲ.

ಮಾರನೆಯ ಬೆಳಗ್ಗೆ ಅಣ್ಣ ತಾನೇ ಎದ್ದು ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ರಕ್ತ ಸರಿಗೆ ಬಂದಿತ್ತು. ನಾವು ಮಂಚದ ಸುತ್ತ ನಿಂತೆವು. ಕೇಸ್ ಓದುವ ಸರದಿ ಅವಳದು. ಹಿಂದಿನ ಸಂಜೆ ಅತ್ತಿಗೆಯನ್ನು ಕೂರಿಸಿಕೊಂಡು ಯಾರು ಯಾರು ಏನೇನು ತಂದರೆಂದು ಅವಳು ವಿಚಾರಿಸಿದ್ದಳಂತೆ. ಅವಳ ವರ್ಷದ ಕೊನೆಗೆ ಶಿಫಾರಸು ಬರೆಯುವವಳು ನಾನು, ಅದು ಅವಳಿಗೂ ಗೊತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವಳು ನಿಂತ ನೀರಿನ ಹಾಗೆ ಸಮನಾಗಿ ಓದಿಕೊಂಡು ಹೋದಳು: ನಾಡಿ, ಕಾಲಿನ ಶಕ್ತಿ, ಇ.ಸಿ.ಜಿ. 'ಕಾರಣ: ಮೂತ್ರಪಿಂಡ ಸೊರಗಿದ್ದಾಗ ದಿನಕ್ಕೆ ಏಳೆಂಟು ಎಳನೀರು, ಜೊತೆಗೆ ಬಿ.ಪಿ. ಮಾತ್ರೆ. ಎಳನೀರು ತಂದವರು, ಸಂಬಂಧಿಕರು.'

ಅಲ್ಲಿಗೆ ನಿಲ್ಲಿಸಿದಳು. ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು.

ನಾನು ಕೇಳುವ ಮಾತಿಗೆ ಎಲ್ಲರೂ ಕಾಯುತ್ತಿದ್ದರು. ಕೇಳದೆ ಮುಂದಿನ ಮಂಚಕ್ಕೆ ಹೋಗಬಹುದಿತ್ತು. ಒಬ್ಬರೂ ತಡೆಯುತ್ತಿರಲಿಲ್ಲ, ನಾಳೆಯಿಂದ ನಾಡಿಯನ್ನು ಹದಿನೈದು ಸೆಕೆಂಡೇ ಹಿಡಿಯುತ್ತಿದ್ದರು, ಅಷ್ಟೇ.

'ಯಾರು?' ಎಂದೆ.

'ಅಳಿಯಂದಿರು ಇಬ್ಬರು. ಪಕ್ಕದ ತೋಟದವರು. ಅಜ್ಜನ ಹೆಂಡತಿ ತವರುಮನಿಯವರು.' ಅವಳು ಒಂದೊಂದೇ ಬೆರಳು ಮಡಚುತ್ತಿದ್ದಳು. 'ತಂಗಿ, ಮೇಡಂ. ಎಲ್ಲಾರಕಿಂತ ಜಾಸ್ತಿ, ತಂಗಿ.'

'ಕೇಸ್ ಶೀಟಿನಲ್ಲಿ ಬರೆದಿದ್ದೀಯಾ?'

'ಇಲ್ರಿ.'

'ಕೊಡಿಲ್ಲಿ.' 'ಸಂಬಂಧಿಕರು' ಎಂಬುದನ್ನು ಹೊಡೆದು ಹಾಕಿ, ಅವಳು ಹೇಳಿದವರನ್ನೆಲ್ಲ ಬರೆದು, ಕೊನೆಯಲ್ಲಿ 'ತಂಗಿ, ವೈದ್ಯೆ' ಎಂದು ಬರೆದೆ. ಕೆಳಗೆ ಸಹಿ ಹಾಕಿದೆ.

ಅಣ್ಣನಿಗೆ ಪಿತ್ತ ನೆತ್ತಿಗೇರಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಹುಡುಗಿಯನ್ನೇ ದುರುಗುಟ್ಟಿ ನೋಡಿದ.

'ನೆನ್ನೇನೆ ಹೇಳಿಲ್ವಾ ನಿಂಗೆ? ಮಜ್ಜಿಗೆ ಕಣಮ್ಮ ಅದು. ನನ್ ತಂಗಿ ತಂದಿದ್ದು ಮಜ್ಜಿಗೆ. ಅಂಗಂತ ಬರ್ಕೊ' ಎಂದ.

ಹುಡುಗಿ ಕುರ್ಚಿಯನ್ನು ನನ್ನ ಕಡೆ ಸರಿಸಿದಳು. ನಾನು ಕೂತು ಅವನ ಕೈ ತೆಗೆದುಕೊಂಡೆ. ಐದೂ ಜನ ನಿಂತು ಕಾದರು. ಪೂರ್ತಿ ಒಂದು ನಿಮಿಷ ಎಣಿಸಿದೆ. ಎಪ್ಪತ್ತೆರಡು ಇತ್ತು.